ಒಂದು ಲೀಟರ್ ಐಪಿಎ, ಒಂದು ಚಮಚ ಉಪ್ಪು

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಜೂನ್ ಬಂತು ಅಂದರೆ ನೀರು ಕುಡಿದ ಫೋನುಗಳ ಕಾಲ. ಗದ್ದೆಗೆ ಬಿದ್ದಿದ್ದು, ತೋಟದ ಕಾದಿಗೆಗೆ ಬಿದ್ದಿದ್ದು, ಜೇಬಿನಲ್ಲೇ ನೆಂದಿದ್ದು. ಫೋನಿನ ಒಳಗಿನ ಸರ್ಕ್ಯೂಟ್ ಬೋರ್ಡ್ ತೊಳೆಯೋ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ನಮ್ಮ ಐಪಿಎ, ಇಲ್ಲದಿದ್ದರೆ ಮಳೆಗಾಲದಲ್ಲಿ ಅಂಗಡಿ ಬಾಗಿಲು ತೆಗೆಯೋದೇ ದಂಡ.

ಹೋದ ವರ್ಷ ತಂದ ಐಪಿಎ ಬಾಟಲಿ ಮೇಲೆ 99% ಶುದ್ಧ ಅಂತ ಇತ್ತು. ಕಂಪನಿ ಹೆಸರು ಬೇಡ ಬಿಡಿ. ಬೋರ್ಡ್ ತೊಳೆದರೆ ಬೇಗ ಒಣಗುತ್ತಲೇ ಇರಲಿಲ್ಲ. ಅನುಮಾನ ಬಂದು ಸಣ್ಣ ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ, ಒಂದು ಚಮಚ ಅಡುಗೆ ಉಪ್ಪು ಸೇರಿಸಿ ಅಲ್ಲಾಡಿಸಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಎರಡು ಪದರ! ಕೆಳಗೆ ಉಪ್ಪುನೀರು, ಮೇಲೆ ಐಪಿಎ. ನೀರಿಗೂ ದುಡ್ಡು ಕೊಟ್ಟಿದ್ದೆ.

ಈ ಸಲದ್ದು 99.9% ಅಂತ ಬರೆದ ಒಂದು ಲೀಟರ್ ಬಾಟಲಿ. ಮೊದಲು ಉಪ್ಪಿನ ಪರೀಕ್ಷೆಯನ್ನೇ ಮಾಡಿದೆ. ಉಪ್ಪು ಕರಗಲಿಲ್ಲ, ಮುದ್ದೆಯಾಗಲಿಲ್ಲ, ಒಣ ಮರಳಿನ ಹಾಗೆ ತಳದಲ್ಲಿ ಉರುಳಾಡುತ್ತಿತ್ತು. ಒಂದೆರಡು ಪರ್ಸೆಂಟ್ ನೀರಿದ್ದರೆ ಇದರಲ್ಲಿ ಗೊತ್ತಾಗಲ್ಲ, ಆದರೆ ದೊಡ್ಡ ಮೋಸ ಸಿಕ್ಕಿಬೀಳುತ್ತೆ.

ಮೊನ್ನೆ ಒಬ್ಬರು ಹಿರಿಯರು ಫೋನನ್ನು ಅಕ್ಕಿ ಡಬ್ಬದ ಸಮೇತ ತಂದರು. "ಎರಡು ದಿನ ಅಕ್ಕೀಲೇ ಇಟ್ಟಿದ್ದೆ ಮಾರಾಯ, ಜೀವ ಬರ್ಲಿಲ್ಲ" ಅಂದರು. "ಅಕ್ಕಿ ಅನ್ನಕ್ಕೆ ಇಟ್ಕೊಳ್ಳಿ ಅಜ್ಜ, ಬಿದ್ದ ತಕ್ಷಣ ಆಫ್ ಮಾಡಿ ತಂದುಬಿಡಿ" ಅಂದೆ. ಬಿಚ್ಚಿದರೆ ಚಾರ್ಜಿಂಗ್ ಕನೆಕ್ಟರ್ ಸುತ್ತ ಹಸಿರು ಕಿಲುಬು. ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಬೇರೆ ತೆಗೆದಿಟ್ಟು, ಬೋರ್ಡಿಗೆ ಐಪಿಎ ಹಾಕಿ ಬ್ರಷ್‌ನಿಂದ ಉಜ್ಜಿದೆ. ಇದು ನೀರಿನ ಜೊತೆ ಪೂರ್ತಿ ಬೆರೆಯುತ್ತೆ, ಬೋರ್ಡಿನ ಚಿಪ್‌ಗಳ ಅಡಿ ನಿಂತ ನೀರನ್ನೂ ಎಳೆದುಕೊಂಡು ಆರಿಹೋಗುತ್ತೆ. ಬೆಸುಗೆಯ ಫ್ಲಕ್ಸ್ ಅಂಟೂ ಬಿಡುತ್ತೆ. ಸಂಜೆಗೆ ಫೋನ್ ಆನ್ ಆಯಿತು. ಆದರೆ ಮಲ್ಪೆ ಸಮುದ್ರದಲ್ಲಿ ಮುಳುಗಿಸಿ ತಂದರೆ ಬರೀ ಇದರಿಂದ ಆಗಲ್ಲ. ಉಪ್ಪು ಇದರಲ್ಲಿ ಕರಗಲ್ಲ, ಈಗಷ್ಟೇ ಹೇಳಿದೆನಲ್ಲ. ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ.

ಕೆಲವರು ಅಗ್ಗ ಅಂತ ಪೇಂಟ್ ಥಿನ್ನರ್ ಬಳಸುತ್ತಾರೆ. ಅದು ಪ್ಲಾಸ್ಟಿಕ್ಕನ್ನೇ ತಿಂದು ಹಾಕುತ್ತೆ, ವಾಸನೆಗೆ ತಲೆನೋವು ಬೇರೆ.

ಬೆಂಕಿ ವಿಷಯ ಮಾತ್ರ ತಮಾಷೆಯಲ್ಲ. ಸುಮಾರು 12 ಡಿಗ್ರಿಗೇ ಇದರ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳುತ್ತೆ, ಅಂದರೆ ನಮ್ಮೂರಲ್ಲಿ ಹೆಚ್ಚುಕಮ್ಮಿ ವರ್ಷಪೂರ್ತಿ. ಆವಿ ಗಾಳಿಗಿಂತ ಭಾರ, ಮೇಜಿನ ಮೇಲೇ ಹರಡಿ ಕೂರುತ್ತೆ. ಒಮ್ಮೆ ಅವಸರದಲ್ಲಿ ಒದ್ದೆ ಬೋರ್ಡಿಗೇ ಹಾಟ್ ಏರ್ ಗನ್ ಹಿಡಿದೆ. ಭಗ್ ಅಂತು. ಬೋರ್ಡ್ ಉಳಿಯಿತು, ನನ್ನ ಎಡ ಹುಬ್ಬು ಹೋಯಿತು. ಈಗ ಕಿಟಕಿ ತೆಗೆದು, ಫ್ಯಾನ್ ಹಾಕಿ, ವಾಸನೆ ಪೂರ್ತಿ ಹೋದ ಮೇಲೇ ಗನ್ ಮುಟ್ಟೋದು. ಕೈಗವಸು ಇಲ್ಲದೆ ದಿನವಿಡೀ ಬಳಸಿದರೆ ಬೆರಳು ಬಿರಿಯುತ್ತೆ, ಅದೂ ಗೊತ್ತಿರಲಿ.

ಪಕ್ಕದಂಗಡಿಯವರು ಕೈ ತೊಳೆಯೋಕೆ ಸ್ವಲ್ಪ ಕೊಡು ಅಂತ ಕೇಳುತ್ತಾರೆ. ಅದಕ್ಕೆ 70% ದೇ ವಾಸಿ. 99% ಬೇಗ ಹಾರಿಹೋಗುತ್ತೆ, ರೋಗಾಣು ಸಾಯೋಕೆ ಸ್ವಲ್ಪ ನೀರೂ ಬೇಕು. ಬ್ಲೀಚಿನ ಜೊತೆ ಮಾತ್ರ ಬೆರೆಸಬೇಡಿ, ವಿಷವಾಗುತ್ತೆ. ಹೆಸರಲ್ಲಿ ಆಲ್ಕೋಹಾಲ್ ಇದೆ ಅಂತ ಕುಡಿಯೋ ಯೋಚನೆಯೂ ಬೇಡ. ನೋಡೋಕೆ ನೀರೇ ಅಲ್ವಾ, ಹಾಗಾಗಿ ಕುಡಿಯೋ ನೀರಿನ ಬಾಟಲಿಗೆ ಯಾವತ್ತೂ ಸುರಿದಿಡಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ.

ದೂರು ಇರೋದು ಬಾಟಲಿ ಮೇಲೆ. ಎಚ್ಚರಿಕೆ ಎಲ್ಲ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿದೆ, ಕನ್ನಡ ಒಂದಕ್ಷರ ಇಲ್ಲ. ಮುಚ್ಚಳ ಎಷ್ಟು ತಿರುಗಿಸಿದರೂ ಬಿಗಿಯಾಗಲ್ಲ. ಮಳೆಗಾಲದ ಗಾಳಿಯ ತೇವವನ್ನು ಇದು ಹೀರಿಕೊಳ್ಳುತ್ತೆ, ಸಡಿಲ ಮುಚ್ಚಳ ಇದ್ದರೆ ಶುದ್ಧ ಮಾಲೂ ಶುದ್ಧ ಉಳಿಯಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಮತ್ತೆ ಇದನ್ನೇ ತರಿಸ್ತೀನಿ. ಸದ್ಯಕ್ಕೆ ಹೋದ ವರ್ಷದ ಆ ನೀರು ಬೆರೆಸಿದ ಬಾಟಲಿಯ ಮುಚ್ಚಳ ಹಾಕಿಟ್ಟಿದ್ದೇನೆ. ಅವರ ಮುಚ್ಚಳ ಮಾತ್ರ ಒಂದನೇ ನಂಬರ್.