ಗಿಳಿ ಕಚ್ಚಾಕತ್ತೇತಿ ಅಂತ "ಶಾಂತ ಡ್ರಾಪ್ಸ್" ತರಸಬ್ಯಾಡ್ರಿ, ಜೋಡಿ ತರಸಬ್ಯಾಡ್ರಿ, ನಮಗಾದದ್ದು ಓದ್ರಿ

ಬರೀಲೋ ಬ್ಯಾಡೋ ಅಂತ ಹದಿನೈದು ದಿನ ತಡದೀನಿ. ನಮ್ಮ ಮನಿಯವರು ಬ್ಯಾಡ ಬಿಡು, ಮಂದಿ ಆಡ್ಕೋತಾರ, ಹೋದ ರೊಕ್ಕ ಹೋತು ಅಂದ್ರು. ಆದ್ರ ನಿನ್ನಿ ರಾತ್ರಿ ನಮಗ ಆ ಡ್ರಾಪ್ಸ್ ಮಾರಿದಾಂವನ ವಾಟ್ಸಾಪ್ ಸ್ಟೇಟಸ್‌ನ್ಯಾಗ ಮತ್ತ ಅದ ಬಾಟಲಿ, ಅದ ಕಟಗಿ ಡಬ್ಬಿ, ಮ್ಯಾಲೆ "ಗಿಳಿ ಕಚ್ಚತೈತಾ? ಏಳ ದಿನದಾಗ ಶಾಂತ" ಅಂತ ಬರದದ್ದು ಕಂಡಿತು, ಆಮ್ಯಾಲೆ ನಿದ್ದಿ ಹತ್ತಲಿಲ್ಲ. ಅದಕ್ಕ ಬರ್ಯಾಕತ್ತೀನಿ. ಅಂವ ಬೆಳಗಾವಿಯಾಗ ಹಕ್ಕಿ ಮಾರಾಂವ, ಹೆಸರು ನಂಬರು ಇಲ್ಲಿ ಹಾಕೂದಿಲ್ಲ, ಆದ್ರ ಅಂವ ಮಾತಾಡೂ ರೀತಿ ಓದಿದ್ರ ಸಾಕು, ಹಿಂಗ ಮಾರಾಕ ಯಾರ ಬಂದ್ರೂ ಗುರ್ತ ಹಿಡೀತೀರಿ.

ನಾವಿರೂದು ಬಾಗಲಕೋಟಿ ನವನಗರದಾಗ. ನಮ್ಮ ಮನ್ಯಾಗ ಸನ್ ಕನ್ಯೂರ್ ಅನ್ನೂ ಒಂದ ವಿದೇಶಿ ಗಿಳಿ ಐತಿ, ಮೈಯೆಲ್ಲಾ ಹಳದಿ, ಮಾರಿ ಹೊಟ್ಟಿ ಕಡೆ ಕೇಸರಿ, ರೆಕ್ಕಿ ತುದಿಗೆ ಹಸರ. ಮಗಳು ಚೆಂಡ ಹೂವಿನಂಗ ಐತಿ ಅಂತ ಚೆಂಡು ಅಂತ ಹೆಸರಿಟ್ಟಾಳ. ಸಣ್ಣ ಮರಿ ಇದ್ದಾಗ ತಂದದ್ದು, ಈಗ ಎರಡೂವರಿ ವರ್ಷ. ಎಷ್ಟ ಸಲಗಿ ಅಂದ್ರ ನಾ ರೊಟ್ಟಿ ಬಡಿಯೂ ಮುಂದ ಹೆಗಲ ಮ್ಯಾಲೆ ಕುಂತು ಕೂದಲ ಜಗ್ಗತಿತ್ತು, ನಮ್ಮತ್ತಿ ಪೂಜಾಕ ಕುಂತ್ರ ಬಾಜೂಕ ಬಂದು ಸುಮ್ನ ಕುಂಡ್ರತಿತ್ತು. ಒಂದ ದಿನ ಒಬ್ಬರನ್ನ ಕಚ್ಚಿದ್ದಿಲ್ಲ.

ಸಂಕ್ರಾಂತಿ ಆದ ಮ್ಯಾಲೆ ನೋಡ್ರಿ ಶುರು ಆತು. ಮೊದಲ ನನ್ನ ಕೈ ಮ್ಯಾಲೆ ಕುಂತು ಕುತ್ತಿಗಿ ಮ್ಯಾಲೆ ಕೆಳಗ ಮಾಡಿ ತಿಂದ ಕಾಳು ಹೊಳ್ಳಿ ತಗದು ಬೆರಳಿಗೆ ಹಚ್ಚಾಕತ್ತಿತು. ನಾ ವಾಂತಿ ಅಂದಕೊಂಡು ಜೀರಗಿ ನೀರ ಕುಡಸಿದ್ನಿ, ನನಗೇನ ಗೊತ್ರೀ. ಆಮ್ಯಾಲೆ ಪೇಪರ್ ಹರದು ಹರದು ಫ್ರಿಜ್ ಹಿಂದ ಒಯ್ದು ಹಾಕೂದು, ಅಲ್ಲೇ ಹೋಗಿ ಕುಂಡ್ರೂದು, ಕರದ್ರ ಬರಲಾರದ್ದು. ಬಾಲ ಎತ್ತಿ ಹಿಂಭಾಗ ಉಜ್ಜೂದು. ಭರತ ಹುಣ್ಣಿಮಿ ಹೊತ್ತಿಗೆ ಕಣ್ಣ ಪಾಪಿ ಸಣ್ಣದು ದೊಡ್ಡದು ಮಾಡಿ, ಬಾಲ ಬೀಸಣಿಗಿ ಹಂಗ ಬಿಚ್ಚಿ, ಹತ್ರ ಹೋದ್ರ ಹಾರಿ ಬಂದು ಕಡ್ಯಾಕತ್ತಿತು. ನನ್ನ ತುಟಿ ಹರೀತು. ಅತ್ತಿ ಕಿವಿ ಹರೀತು. ಅತ್ತಿ ಇದಕ್ಕ ದೃಷ್ಟಿ ತಾಕೇತಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ರು.

ಆವಾಗ ನಮ್ಮ ಮನಿಯವರ ಆಫೀಸಿನಾಗ ಒಬ್ರು ಈ ಬೆಳಗಾವಿಯಾಂವನ ನಂಬರ್ ಕೊಟ್ರು. ವಿಡಿಯೋ ಕಾಲ್ ಮಾಡಿದ್ವಿ. ಎರಡ ನಿಮಿಷ ನೋಡಿಲ್ಲ, "ಅಕ್ಕಾರ, ಇದು ಮೆಂಟಲ್ ಆಗೇತ್ರಿ, ಈಗ ಔಷಧ ಕೊಡಲಿಲ್ಲಂದ್ರ ಮನಿಮಂದಿ ಕಣ್ಣ ಕೀಳತೈತಿ" ಅಂದ. ಮನ್ಯಾಗ ಹುಡುಗಿ ಎಸ್ಸೆಸ್ಸೆಲ್ಸಿಗೆ ಓದಾಕತ್ತಾಳ, ಕಣ್ಣ ಅಂದಕೂಡ್ಲೆ ನನ್ನ ಕೈಕಾಲ ಬಿದ್ದು ಹೋದ್ವು. 480 ರೂಪಾಯಿ ಕಳಿಸಿದ್ವಿ, ಬಸ್ಸಿನಾಗ ಬಾಟಲಿ ಬಂತು, ಬಿಳೇ ಸ್ಟಿಕ್ಕರ್ ಮ್ಯಾಲೆ ಕನ್ನಡದಾಗ "ಶಾಂತ ಡ್ರಾಪ್ಸ್" ಅಂತ ಪ್ರಿಂಟ್. ಮುಂಜಾನೆ ಐದ ಹನಿ, ಸಂಜೀಕ ಐದ ಹನಿ. ಒಂದ ಹನಿ ತಪ್ಪಲಾರದಂಗ ನಾನ ಹಾಕೀನಿ, ಅದನ್ನ ನೆನಸಿದ್ರ ಈಗ ಹೊಟ್ಟಿ ಉರೀತೈತಿ.

ವಾರ ಆತು, ಕಡಿಮಿ ಆಗೂದು ದೂರ, ಜಾಸ್ತಿ ಆತು. ಫೋನ್ ಮಾಡಿದ್ರ "ಔಷಧ ಹತ್ತಾಕತ್ತೇತ್ರಿ ಅಕ್ಕಾರ, ಒಳಗಿನ ಸಿಟ್ಟ ಹೊರಗ ಬರಾಕತ್ತೇತಿ" ಅಂದ. ಕೇಳ್ರಿ ಇದನ್ನ. ಆಮ್ಯಾಲೆ ಅದಕ್ಕ ಅಡಗಿ ಕುಂಡ್ರಾಕ ಒಂದ ಜಾಗಾ ಬೇಕು ಅಂತ ಹೇಳಿ 650ಕ್ಕ ಕಟಗಿ ಡಬ್ಬಿ, ಮುಂದ ಗುಂಡನ ತೂತು ಇರೂವಂಥಾದು. ಶಕ್ತಿ ಕಮ್ಮಿ ಆಗೇತಿ ಅಂತ ಹೇಳಿ 350ಕ್ಕ ಎಗ್ ಫುಡ್ ಪುಡಿ, ಬಿಸಿ ನೀರಾಗ ಮೆತ್ತಗ ಕಲಸಿ ಕೊಡ್ರಿ ಅಂದ, ಜೋಡಿ ಸೂರ್ಯಪಾನ ಬೀಜ, ಶೇಂಗಾ ಕೈ ಬಿಚ್ಚಿ ಹಾಕ್ರಿ ಅಂದ. ಕಚ್ಚಿದ್ರ ನೇಲ್ ಕಟರ್‌ಲೆ ಚುಂಚಿನ ತುದಿ ಕತ್ತರಿಸ್ರಿ ಅಂದ. ಅದೊಂದ ನಮ್ಮ ಮನಿಯವರು ಸುತರಾಂ ಬ್ಯಾಡ ಅಂದ್ರು, ಪುಣ್ಯಾ ಬಂತು. ಚುಂಚಿನಾಗ ರಕ್ತ ಹರೀತೈತಿ, ನರ ಇರ್ತಾವು, ಹಂಗ ಕತ್ತರಿಸಿದ್ರ ಹಕ್ಕಿ ರಕ್ತ ಹೋಗಿ ಉಣ್ಣಾಕ ಬರಲಾರದಂಗ ಆಕ್ಕಿತ್ತು.

ಡಬ್ಬಿ ಪಂಜರಕ್ಕ ಕಟ್ಟಿದ ದಿನದಿಂದ ಚೆಂಡು ಹೊರಗ ಬರೂದ ಬಿಡ್ತು. ನೀರಿನ ಬಟ್ಟಲಕ್ಕ ಕೈ ಹಾಕಾಕ ಸೈತ ಬಿಡವಲ್ದು. ನಾ ಅಳಕೋತ ಫೋನ್ ಮಾಡೀನಿ. ಅಂವ ಅಂತಾನ, "ಅಕ್ಕಾರ ಇದಕ್ಕ ಜೋಡಿ ಬೇಕಾಗೇತ್ರಿ. ಹೆಣ್ಣ ಬಂತಂದ್ರ ಮೂರ ದಿನದಾಗ ಕುರಿಮರಿ ಆಗ್ತೈತಿ. ನನ್ನ ಕಡೆ ಒಂದ ಐತಿ, ಡಿಎನ್‌ಎ ಕಾರ್ಡ್ ಸಮೇತ, ಹದಿನೈದ ಸಾವಿರದ್ದು, ನಿಮಗ ಅಂತ 13,500ಕ್ಕ ಕೊಡ್ತೀನಿ." ಸನ್ ಕನ್ಯೂರ್‌ನ್ಯಾಗ ಗಂಡು ಹೆಣ್ಣು ನೋಡಾಕ ಒಂದ ಥರಾ ಇರ್ತಾವು, ಡಿಎನ್‌ಎ ಮಾಡಿಸಿದ್ರ ಗೊತ್ತಾಗೂದು. ಅದಕ್ಕ ಕಾರ್ಡ್ ಅಂದಕೂಡ್ಲೆ ನಂಬಿದ್ವಿ. ನಮ್ಮ ಮನಿಯವರು ರಜಾ ಹಾಕಿ ಲೋಕಾಪುರ ಯರಗಟ್ಟಿ ಮ್ಯಾಲೆ ಬೆಳಗಾವಿಗೆ ಹೋಗಿ ತಂದ್ರು. ಬಿಲ್ ಕೇಳಿದ್ರ "ಹಕ್ಕಿಗೆಲ್ಲಾ ಬಿಲ್ ಎಲ್ಲೀದ್ರೀ ಸರ್, ನಂಬಿಕಿ ಮ್ಯಾಲೆ ನಡಿಯೂ ಧಂದೆ" ಅಂದನಂತ. ವರ್ಗಾವಣಿ ಪೇಪರ್ ಕೇಳಿದ್ರ ಆಮ್ಯಾಲೆ ಕಳಸ್ತೀನಿ ಅಂದನಂತ. ಇವರು ಸಂಕೋಚದ ಮನಷ್ಯಾ, ಸುಮ್ನ ಬಂದ್ರು.

ಹೋಳಿ ಮುಂದ ಇದ್ದಾಗ ಬಂದದ್ದು ಆ ಹಕ್ಕಿ. ಎರಡೂ ಬಡದಾಡಾಕ ಹತ್ತಿದ್ವು, ನಮ್ಮೂರಾಗ ಹೋಳಿಗೆ ಓಣಿ ಓಣಿಗೆ ಹಲಗಿ ಬಾರಸ್ತಾರಲ್ರೀ, ಆ ಸಪ್ಪಳಕ್ಕ ಅಂಜಿ ಹಿಂಗ ಮಾಡ್ತಾವು ಅಂದಕೊಂಡ್ವಿ. ಅಂವನೂ ಹಂಗ ಅಂದ, ಹೊಂದ್ಕೋತಾವು ಒಂದ ಪಂಜರದಾಗ ಬಿಡ್ರಿ ಅಂದ. ಬಣ್ಣದ ಎರಡನೇ ದಿನ ಮಧ್ಯಾಹ್ನ ಒದರೂದು ಕೇಳಿ ಓಡಿ ಬಂದ್ರ, ಹೊಸ ಹಕ್ಕಿ ಕಾಲಿನ ಉಗುರ ಒಂದ ಪೂರ್ತಿ ಹೋಗೇತಿ, ಪಂಜರದ ತುಂಬ ರಕ್ತ. ಬಿಡಸಾಕ ಹೋದ ಮಗಳ ಬಲಗೈ ತೋರಬೆರಳ ಸೀಳಿ ಮೂರ ಹೊಲಿಗಿ ಬಿದ್ವು. ಪರೀಕ್ಷಾಕ ಒಂಬತ್ತ ದಿನ ಇತ್ತು. ಹುಡುಗಿ ನೋವಿಗೆ ಅಳಲಿಲ್ರಿ, "ಅವ್ವಾ ಪೆನ್ ಹೆಂಗ ಹಿಡೀಲಿ" ಅಂತ ಅತ್ಳು.

ಹಕ್ಕಿ ಉಗುರಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡದು ರಕ್ತ ನಿಲ್ಲಿಸಿ ಮರುದಿನ ಹುಬ್ಬಳ್ಳಿಗೆ ಒಯ್ದ್ವಿ, ಅಲ್ಲಿ ಹಕ್ಕಿ ನೋಡೂ ಡಾಕ್ಟರ್ ಒಬ್ರು ಅದಾರ ಅಂತ ತಮ್ಮ ಹೇಳಿದ್ದ. ಎರಡೂ ಹಕ್ಕಿ, ಬಾಟಲಿ, ಪುಡಿ ಎಲ್ಲಾ ಚೀಲದಾಗ ಹಾಕ್ಕೊಂಡ ಹೋಗಿದ್ನಿ. ಡಾಕ್ಟರ್ ಬಾಟಲಿ ಕೈಯಾಗ ಹಿಡದು ತಿರಿವ್ಯಾಡಿದ್ರು. ಏನೂ ಅನಲಿಲ್ಲ. ಉಗುರಲೆ ಸ್ಟಿಕ್ಕರ್ ಮೂಲಿ ಕೆದರಿದ್ರು, ಮೆಲ್ಲಕ ಜಗ್ಗಿದ್ರು. ಕೆಳಗ ಇನ್ನೊಂದ ಲೇಬಲ್. ವಿಟಮಿನ್ ಇ. ಜೋಡಿ ಹಕ್ಕಿ ಚಿತ್ರ. ಬ್ರೀಡಿಂಗ್ ಸೀಸನ್‌ನ್ಯಾಗ ಕೊಡೂದು ಅಂತ ಬರದಿತ್ತು. ನನ್ನ ಕಡೆ ತೋರಿಸಿ "ಇದನ್ನ ಎಷ್ಟ ದಿನದಿಂದ ಹಾಕಾಕತ್ತೀರಿ ತಾಯಿ" ಅಂದ್ರು. ಬಾಯಿ ಬರಲಿಲ್ಲ ನನಗ. ಬೆದಿಗೆ ಬಂದ ಹಕ್ಕಿಗೆ ಬ್ರೀಡಿಂಗ್‌ಗೆ ಅಂತ ಮಾರೂ ಔಷಧ, ದಿನಾ ಎರಡ ಹೊತ್ತು, ನನ್ನ ಕೈಯಾರೆ. ಎಗ್ ಫುಡ್ ಅಂದ್ರ ಅದೂ ಮರಿ ಮಾಡಸೂ ಮುಂದ ಹಾಕೂದು. ಆ ಡಬ್ಬಿ ಅಂತೂ ಮೊಟ್ಟಿ ಇಡಾಕಂತ ಮಾಡಿದ ಗೂಡು. ಅಂವ ಶಾಂತ ಮಾಡಾಕ ಅಂತ ಮಾರಿದ್ದೆಲ್ಲಾ ಒಂದೂ ಬಿಡಲಾರದ ಹಕ್ಕಿ ಮರಿ ಮಾಡಸೂ ಮುಂದಿನ ಸಾಮಾನು.

ಹಕ್ಕಿಗೆ ಮೆಂಟಲ್ಲೂ ಆಗಿದ್ದಿಲ್ಲ, ದೃಷ್ಟಿನೂ ತಾಕಿದ್ದಿಲ್ಲ. ವಯಸ್ಸಿಗೆ ಬಂದೈತಿ, ಸೀಸನ್ ಬಂದೈತಿ, ಅಷ್ಟ. ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ "ರಾತ್ರಿ ಲೈಟ್ ಎಷ್ಟಕ್ಕ ಆರಸ್ತೀರಿ?" ಪಂಜರ ಇರೂದು ಹಾಲ್‌ನ್ಯಾಗ, ಮಗಳು ಹನ್ನೆರಡರ ತನಕ ಅಲ್ಲೇ ಓದಾಕಿ, ಅತ್ತಿ ಐದಕ್ಕ ಎದ್ದು ಲೈಟ್ ಹಾಕಾವ್ರು. ಅಂದ್ರ ಹಕ್ಕಿಗೆ ಕತ್ತಲಿ ಐದ ತಾಸು. ಸಂಕ್ರಾಂತಿ ಆದ್ರ ಹೊರಗ ಹಗಲು ಬೆಳೀತೈತಿ, ನಾವು ಮನ್ಯಾಗ ಅದನ್ನ ಮತ್ತಿಷ್ಟು ಬೆಳಸಿದ್ವಿ, ಬೆಳಕ ಜಾಸ್ತಿ, ಉಣ್ಣಾಕ ರಗಡ, ಅಡಗಾಕ ಕತ್ತಲಿ ಮೂಲಿ ಇದ್ರ ಅದರ ಮೈ ಮರಿ ಮಾಡೂ ಕಾಲ ಬಂತು ಅಂತ ತಿಳಿತೈತಿ. ಮತ್ತ ನಾ ದಿನಾ ಬೆನ್ನ ಮ್ಯಾಲೆ, ರೆಕ್ಕಿ ಕೆಳಗ ಸವರತಿದ್ನಿ, ಪ್ರೀತಿಗೆ. ಹಕ್ಕಿ ಲೆಕ್ಕದಾಗ ಅಲ್ಲಿ ಮುಟ್ಟೂದು ಜೋಡಿ ಹಕ್ಕಿ ಮಾತ್ರ. ಕಾಳ ಹೊಳ್ಳಿ ತಗದು ನನ್ನ ಬೆರಳಿಗೆ ಹಚ್ಚತಿತ್ತಲ್ಲ, ಅದು ತನ್ನ ಜೋಡಿಗೆ ಉಣಸೂ ಥರ ನನಗ ಉಣಸಾಕತ್ತಿತ್ತು. ಅದನ್ನ ಕೇಳಿ ನನಗ ಆ ಹಕ್ಕಿ ಮ್ಯಾಲಿನ ಸಿಟ್ಟೆಲ್ಲಾ ಇಳದು ಹೋತು.

ಇನ್ನೊಂದ ಅವಮಾನ ಕೇಳ್ರಿ. ವಾಪಸ್ ಬರೂ ಬಸ್ಸಿನಾಗ ಮಗಳು ಹೊಸ ಹಕ್ಕಿ ಕಾಲಿನ ರಿಂಗ್ ಮ್ಯಾಲಿನ ನಂಬರ್ ಫೋಟೋ ಹೊಡದು ಜೂಮ್ ಮಾಡಿ ಕಾರ್ಡಿನ ನಂಬರ್‌ಗೆ ಹೋಲಿಸಿದ್ಳು. ಕಡೀ ಎರಡ ಅಂಕಿ ಬ್ಯಾರೆ. ನಾವ ಇಬ್ರೂ ದೊಡ್ಡವರು ಇಷ್ಟ ದಿನ ಆ ಕಾರ್ಡ್ ಕಪಾಟಿನಾಗ ಜ್ವಾಕಿ ಇಟ್ಟಿದ್ವಿ, ಒಮ್ಮೆರೆ ನೋಡಿದ್ದಿಲ್ಲ. ಡಾಕ್ಟರ್ ಅದರ ಪುಚ್ಚ ತಗದು ಟೆಸ್ಟಿಗೆ ಕಳಿಸಿದ್ರು, ಅದು ಗಂಡು ಅಂತ ಆಮ್ಯಾಲೆ ರಿಪೋರ್ಟ್ ಬಂತು. ಹೆಣ್ಣ ಅಂತ ಗಂಡ ತಂದು ಒಂದ ಗೂಡಿಗೆ ಹಾಕಿದ್ವಿ, ಬಡದಾಡಲಾರದ ಏನ ಮಾಡ್ತಾವು. ಖರೇ ಹೆಣ್ಣ ಇದ್ದಿದ್ರ ಮೊಟ್ಟಿ ಮ್ಯಾಲೆ ಮೊಟ್ಟಿ ಇಟ್ಟು ಮೈಯಾಗಿನ ಕ್ಯಾಲ್ಸಿಯಂ ಇಳದು, ಮೊಟ್ಟಿ ಹೊಟ್ಟ್ಯಾಗ ಸಿಕ್ಕೊಂಡು ಸಾಯೂ ಹೆದರಿಕಿ ಬ್ಯಾರೆ.

ರಿಪೋರ್ಟ್ ಬಂದ ದಿನ ರಾತ್ರಿ ಅಂವಗ ಫೋನ್ ಮಾಡೀನಿ. ಸ್ಟಿಕ್ಕರ್ ಯಾಕ ಅಂಟಿಸಿದಿ ಅಂದ್ರ "ಕಸ್ಟಮರ್‌ಗೆ ತಿಳೀಲಿ ಅಂತ ಕನ್ನಡದಾಗ ಹಾಕೀವ್ರಿ ಅಕ್ಕಾರ". ರಿಂಗ್ ನಂಬರ್ ಬ್ಯಾರೆ ಐತಲ್ಲೋ ಅಂದ್ರ "ಪ್ರಿಂಟಿಂಗ್ ಮಿಸ್ಟೇಕ್". ಗಂಡು ಕೊಟ್ಟೀಯಲ್ಲೋ ಅಂತ ರಿಪೋರ್ಟ್ ಕಳಿಸಿದ್ರ "ನಿಮ್ಮ ಡಾಕ್ಟರಂದ ತಪ್ಪಿರಬೇಕು". ರೊಕ್ಕ ಹೊಳ್ಳಿ ಕೊಡು ಅಂದ್ರ "ಜೀವಕ್ಕ ವಾರಂಟಿ ಇರ್ತೈತೇನ್ರೀ? ಬೇಕಂದ್ರ ಎಕ್ಸ್‌ಚೇಂಜ್ ಮಾಡ್ರಿ, ಎರಡ ಹಸರ ಗಿಳಿ ಮರಿ ಕೊಡ್ತೀನಿ, ಚಂದಗೆ ಮಾತಾಡ್ತಾವು". ನಮ್ಮ ಹಸರ ಗಿಳಿ ಹಿಡಿಯೂದು, ಮಾರೂದು, ಸಾಕೂದು ಎಲ್ಲಾ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದನ್ನ ಅಂವ ಫೋನಿನಾಗ ಕಾಯಿಪಲ್ಯೆ ಮಾರಿದಂಗ ಹೇಳ್ತಾನ. ಕಂಪ್ಲೇಂಟ್ ಕೊಡ್ತೀನಿ ಅಂದಾಗ ಮಾತಿನ ಧಾಟಿನ ಬದಲಾತು. "ಕೊಡ್ರಿ. ನಿಮ್ಮ ಮನ್ಯಾಗಿಂದು ನೋಂದಣಿ ಆಗೇತೇನ್ರಿ? ಮೊದಲ ನಿಮ್ಮನಿಗೆ ಬರ್ತಾರ ನೋಡ್ರಿ." ಅಂದು ಕಟ್ ಮಾಡಿ ಬ್ಲಾಕ್ ಮಾಡಿದ. ಸ್ಟೇಟಸ್ ನೋಡಿದ್ದು ನಮ್ಮ ಮನಿಯವರ ಫೋನಿನಾಗ, ಆ ನಂಬರ್ ಬ್ಲಾಕ್ ಮಾಡಾಕ ಮರತಾನ.

ಅಲ್ಲಿ ಸಿಕ್ಕೊಂಡ್ವಿ ನಾವು. ಖರೇನ ನಮ್ಮ ಚೆಂಡೂದು ನೋಂದಣಿ ಆಗಿದ್ದಿಲ್ಲ. ಸನ್ ಕನ್ಯೂರ್ ಸೈಟಿಸ್ ಅಂದ್ರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಾಗ ಬರೂ ಹಕ್ಕಿ, 2024ರಾಗ ಬಂದ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಾಯಿಸಬೇಕು, ಇದು ನಮಗ ಗೊತ್ತಿದ್ದಿಲ್ಲ, ಅಂವಗ ಪೂರಾ ಗೊತ್ತಿತ್ತು, ಅದನ್ನ ಇಟ್ಕೊಂಡ ಬಾಯಿ ಮುಚ್ಚಸ್ತಾನ. ಈಗ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಇದ್ದದ್ದು ಇದ್ದಂಗ ಹೇಳಿ ಅರ್ಜಿ ಹಾಕೀವಿ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡೀವಿ, ಬಿಲ್ ಐತೇನು ಅಂತ ಕೇಳಿದ್ರು, ಎಲ್ಲೀದು ಬಿಲ್. ಬಿಲ್ ಇಲ್ಲದ, ವರ್ಗಾವಣಿ ಪೇಪರ್ ಇಲ್ಲದ ಒಂದ ಪುಚ್ಚ ಸೈತ ತಗೋಬ್ಯಾಡ್ರಿ.

ಚೆಂಡು ಈಗ ಹೆಂಗ ಐತಿ ಅಂದ್ರ ಆರಾಮ ಐತಿ. ಡಬ್ಬಿ ತಗದು ಒಲಿಗೆ ಹಾಕಿದ್ನಿ. ಪಂಜರ ಹಾಲ್ ಬಿಟ್ಟು ಒಳಗಿನ ಖೋಲಿಗೆ ಇಟ್ಟು, ಒಳಗಿನ ಕಟಗಿ ಬಟ್ಟಲ ಎಲ್ಲಾ ಜಾಗಾ ಬದಲಿ ಮಾಡಿ, ಸಂಜೀ ಏಳಕ್ಕ ಕತ್ತಲಿ ಮಾಡಿ ಮುಂಜಾನೆ ಏಳಕ್ಕ ಬೆಳಕ. ಫ್ರಿಜ್ ಹಿಂದಿನ ಸಂದಿ ಮುಚ್ಚೀವಿ. ಎಗ್ ಫುಡ್ ಬಂದ್, ಸೂರ್ಯಪಾನ ಶೇಂಗಾ ನಾಕೈದ ಕಾಳು, ಉಳದದ್ದು ಗಜ್ಜರಿ, ಮೆಂತ್ಯೆ ಸೊಪ್ಪು, ಹಸಿ ಬಟಾಣಿ. ಮುಟ್ಟಿದ್ರ ತಲಿ ಅಷ್ಟ. ಬಾಲ ಬಿಚ್ಚಿ ಕಣ್ಣ ಪಾಪಿ ಆಡಸಾಕತ್ತಿತಂದ್ರ ಒದರೂದಿಲ್ಲ ಬೈಯೂದಿಲ್ಲ, ಸುಮ್ನ ಸರದು ನಿಂದರ್ತೀವಿ. ಮೂರ ವಾರ ಹಿಡೀತು. ಮೊನ್ನೆ ರೊಟ್ಟಿ ಬಡಿಯೂ ಮುಂದ ಮತ್ತ ಹೆಗಲಿಗೆ ಬಂದು ಕುಂತಿತು. ಒಂದ ಪೈಸೆ ಖರ್ಚಿಲ್ರಿ ಇದಕ್ಕ! ಸುಮಾರ ಹದಿನೈದ ಸಾವಿರ ಅಂವಗ ಕೊಟ್ಟೀವಿ ಇದನ್ನ ಕೆಡಸಾಕ.

ಎರಡನೇ ಹಕ್ಕಿ ಬ್ಯಾರೆ ಪಂಜರದಾಗ ನಮ್ಮಲ್ಲೇ ಐತಿ, ಅದರದೇನ ತಪ್ಪು. ಉಗುರ ಹೋದ ಕಾಲ ಎತ್ತಿ ಎತ್ತಿ ನಿಂದರತೈತಿ. ಮಗಳು ಹೊಲಿಗಿ ಬೆರಳಿಗೆ ಪಟ್ಟಿ ಸುತ್ತಿ ಆರೂ ಪೇಪರ್ ಬರದಾಳ, ಗಣಿತದಾಗ ಕಡೀ ಎರಡ ಲೆಕ್ಕ ಮುಗಸಾಕ ಆಗಲಿಲ್ಲಂತ.

ಬಾಟಲಿ ಒಗದಿಲ್ಲ, ಅರ್ಧ ಕಿತ್ತ ಸ್ಟಿಕ್ಕರ್ ಸಮೇತ ನನ್ನ ಕಡೆ ಐತಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಯಾರ ಮನ್ಯಾಗರೆ ಹಿಂಥಾ ಬಿಳೇ ಸ್ಟಿಕ್ಕರಿನ ಬಾಟಲಿ ಇದ್ರ ಇವತ್ತಿನ ಹನಿ ಹಾಕೂದಕ್ಕಿಂತ ಮೊದಲ ಒಂದ ಮೂಲಿ ಉಗುರಲೆ ಕೆದರಿ ನೋಡ್ರಿ.