ವಿಸಿವಿ ರ‍್ಯಾಕ್: ನಾಲ್ಕು ವರ್ಷದ ಬಳಕೆ, ಒಂದು ತಂಬೂರಿ, −0.415 ವೋಲ್ಟ್

2021ರ ನವೆಂಬರಿನಲ್ಲಿ ವಿಸಿವಿ ರ‍್ಯಾಕ್‌ನ ಎರಡನೇ ಆವೃತ್ತಿ ಬಂದಾಗ ಇಳಿಸಿಕೊಂಡವನು ನಾನು. ಅಂದಿನಿಂದ ಇದನ್ನು ತೆರೆಯದ ಬೆಳಗು ಕಡಿಮೆ. ಮಾಡ್ಯುಲರ್ ಸಿಂಥಸೈಜರ್ ಅಂದರೆ ಮಾಡ್ಯೂಲು ಎಂಬ ಬಿಡಿ ಘಟಕಗಳನ್ನು ಕೇಬಲ್ಲಿನಿಂದ ಜೋಡಿಸಿ ಸದ್ದು ಕಟ್ಟುವ ವಿದ್ಯುತ್ ವಾದ್ಯ; ಅದನ್ನು ಕಂಪ್ಯೂಟರಿನ ಪರದೆಗೆ ತಂದ ಸಾಫ್ಟ್‌ವೇರ್ ಇದು. ನಾನು ಬರೆಯಲು ಕೂತಿರುವುದು ಇದರಲ್ಲಿ ಕಟ್ಟಿದ ತಂಬೂರಿಯ ಒಂದು ಪಂಚಮದ ಸಲುವಾಗಿ.

ಮೊದಲು ದುಡ್ಡಿನ ಮಾತು. ನನಗೆ ಬೇಕಿದ್ದದ್ದು ನಿಜವಾದ ಮಾಡ್ಯುಲರ್ ಸಿಂಥಸೈಜರ್. ಮರದ ಪೆಟ್ಟಿಗೆ, ಬಣ್ಣಬಣ್ಣದ ಕೇಬಲ್, ತಿರುಗಿಸಲು ನಾಬ್. ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದಲ್ಲಿ ರೂಪಿಸಿದ ಯುರೋರ‍್ಯಾಕ್ ಅಳತೆಯ ಮಾಡ್ಯೂಲುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಬಹುದು ಅಂದುಕೊಂಡೆ. ಕೇಸು, ಪವರ್ ಸಪ್ಲೈ, ನಾಲ್ಕು ಆಸಿಲೇಟರ್ (ಸದ್ದು ಹುಟ್ಟಿಸುವ ಮಾಡ್ಯೂಲು), ಅವಕ್ಕೆ ಬೇಕಾದ ಉಳಿದದ್ದು, ಮೇಲೆ ಕಸ್ಟಮ್ಸ್. ಲೆಕ್ಕ ಹೊಸ ಸ್ಕೂಟರಿನ ಬೆಲೆ ದಾಟಿದಾಗ ಹಾಳೆ ಮಡಚಿಟ್ಟೆ. ರ‍್ಯಾಕ್‌ನ ಮೂಲ ಆವೃತ್ತಿಗೆ ಒಂದು ಪೈಸೆಯೂ ಇಲ್ಲ. ಬೇರೆ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಪ್ಲಗಿನ್ ಆಗಿ ಬಳಸುವವರಿಗೆ ಮಾತ್ರ ದುಡ್ಡು ಕೊಡುವ ಪ್ರೊ ಆವೃತ್ತಿ ಇದೆ. ನನಗೆ ಅದರ ಅಗತ್ಯ ಬೀಳಲಿಲ್ಲ. (1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಕಂಪನಿಯ ಮಾಡ್ಯುಲರ್ ಸಿಂಥಸೈಜರ್ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಜೋಡಿಸಿಕೊಟ್ಟಿದ್ದರು. ಅಷ್ಟು ದೊಡ್ಡ ಸಂಸ್ಥೆಗೆ ದಕ್ಕಿದ್ದ ಬಗೆಯ ಯಂತ್ರ ಇವತ್ತು ಧಾರವಾಡದ ನಮ್ಮ ನಡುಮನೆಯ ಲ್ಯಾಪ್‌ಟಾಪಿನಲ್ಲಿದೆ ಎಂದು ನೆನೆದಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.)

ಹೊಸಬರಿಗೆ ಒಂದು ವಿಷಯ ತಲೆಗೆ ಹೋದರೆ ಸಾಕು, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ: ಇಲ್ಲಿ ಎಲ್ಲವೂ ವೋಲ್ಟೇಜ್. ಆಸಿಲೇಟರಿನಿಂದ ಹೊರಟ ಸದ್ದೂ ವೋಲ್ಟೇಜ್, ಆ ಸದ್ದು ಯಾವ ಸ್ವರದಲ್ಲಿರಬೇಕು ಎಂಬ ಅಪ್ಪಣೆಯೂ ವೋಲ್ಟೇಜ್. ಗೇಟ್ ಅಂದರೆ ‘ಈಗ ಮೀಟು’ ಎಂಬ ಸನ್ನೆ. ಅದು ಬಂದಾಗ ಎನ್ವಲಪ್ ಎಂಬ ಮಾಡ್ಯೂಲಿನ ವೋಲ್ಟೇಜ್ ಏರಿ ಇಳಿಯುತ್ತದೆ, ಆ ಏರಿಳಿತ ವಿಸಿಎಯ (ಸದ್ದನ್ನು ಹೆಚ್ಚು ಕಡಿಮೆ ಮಾಡುವ ಮಾಡ್ಯೂಲಿನ) ಬಾಗಿಲು ತೆರೆದು ಮುಚ್ಚುತ್ತದೆ, ನಮಗೆ ಒಂದು ಮೀಟು ಕೇಳುತ್ತದೆ. ಎಲ್‌ಎಫ್‌ಒ ಎಂಬ ನಿಧಾನದ ಆಸಿಲೇಟರ್ ತೂಗಿದರೆ ಸ್ವರ ಅಲುಗುತ್ತದೆ. ಅದನ್ನೇ ಸೆಕೆಂಡಿಗೆ ಇಪ್ಪತ್ತು ಸಲ ದಾಟಿಸಿ ನೋಡಿ, ಅಲುಗಾಟ ಕಿವಿಗೆ ಸಿಗುವುದು ನಿಂತು ನಾದದ ಬಣ್ಣವೇ ಬದಲಾಗುತ್ತದೆ. ಮೊದಲ ಸಲ ಇದನ್ನು ಕೇಳಿದ ರಾತ್ರಿ ನಾನು ಮಲಗಿದ್ದು ಎರಡು ಗಂಟೆಗೆ.

ಸ್ವರದ ಲೆಕ್ಕ ಇನ್ನೂ ಚೆಂದ. ಒಂದು ವೋಲ್ಟ್ ಏರಿದರೆ ಒಂದು ಸಪ್ತಕ ಮೇಲೆ. ಬಾಬ್ ಮೂಗ್ ಅವರ ಯಂತ್ರಗಳಿಂದ ಬಂದ ರೂಢಿ ಇದು. ರ‍್ಯಾಕ್‌ನಲ್ಲಿ 0 ವೋಲ್ಟ್ ಅಂದರೆ 261.63 ಹರ್ಟ್ಸ್, ಹಾರ್ಮೋನಿಯಂನವರ ಬಿಳಿ ಒಂದು; ನನ್ನ ಷಡ್ಜವೂ ಅದೇ.

ನನ್ನ ಬೆಳಗಿನ ಕ್ರಮ ಹೀಗೆ: ಐದೂವರೆಗೆ ಎದ್ದು ಚಹಾಕ್ಕೆ ಇಟ್ಟು, ಅದು ಕುದಿಯುವಷ್ಟರಲ್ಲಿ ಖಾಲಿ ರ‍್ಯಾಕ್ ತೆರೆಯುತ್ತೇನೆ. ಉಳಿಸಿಟ್ಟ ಪ್ಯಾಚ್ (ಜೋಡಣೆ) ಇದ್ದರೂ ತೆರೆಯುವುದಿಲ್ಲ. ತಂಬೂರಿಯ ಒಂದೊಂದು ತಂತಿಗೆ ಒಂದು ಆಸಿಲೇಟರ್, ಒಂದು ಎನ್ವಲಪ್, ಒಂದು ವಿಸಿಎ. ಸೀಕ್ವೆನ್ಸರಿನ (ಸರದಿಯಂತೆ ಸನ್ನೆ ಕಳಿಸುವ ಮಾಡ್ಯೂಲಿನ) ನಾಲ್ಕು ಹೆಜ್ಜೆಗಳ ಗೇಟುಗಳಿಂದ ನಾಲ್ಕು ಕೇಬಲ್. ಪಂಚಮಕ್ಕೆ ಯಾವಾಗಲೂ ಹಳದಿ, ಜೋಡಿ ಷಡ್ಜಕ್ಕೆ ಹಸಿರು, ಒಂದು ಸಪ್ತಕ ಕೆಳಗಿನ ಷಡ್ಜವಾದ ಖರ್ಜಕ್ಕೆ ಕೆಂಪು. ಚಹಾ ಸೋಸುವ ಹೊತ್ತಿಗೆ ತಂಬೂರಿ ಸುತ್ತುತ್ತಿರುತ್ತದೆ, ಅದರ ಜೊತೆ ಅರ್ಧ ಗಂಟೆ ಹಾಡುತ್ತೇನೆ.

ಮೊದಲ ವರ್ಷ ಪಂಚಮಕ್ಕೆ ನಾನು ಕೊಡುತ್ತಿದ್ದದ್ದು −0.417 ವೋಲ್ಟ್. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ, ಷಡ್ಜದಿಂದ ಐದು ಮನೆ ಕೆಳಗೆ. ಒಂದು ಬೆಳಗ್ಗೆ ಅಪ್ಪ ಹಲ್ಲುಜ್ಜುತ್ತ ಬಂದು ಬಾಗಿಲಲ್ಲಿ ನಿಂತರು. ನಲವತ್ತು ವರ್ಷ ಭಜನೆಯಲ್ಲಿ ತಂಬೂರಿ ಹಿಡಿದ ಕಿವಿ. “ಪಂಚಮ ಅಲ್ಲಾಡಾಕತ್ತೈತಲ್ಲೋ,” ಅಂದರು. ನಾನು ಅಂಕಿ ತೋರಿಸಿದೆ. ಅವರು ಪರದೆ ನೋಡಲೇ ಇಲ್ಲ, “ಕೇಳು,” ಅಂದರು.

ಕೇಳಿದೆ. ಹೌದು, ಎರಡು ಸೆಕೆಂಡಿಗೊಮ್ಮೆ ಒಂದು ಅಲೆ ಬಂದು ಹೋಗುತ್ತಿತ್ತು. ಕಾರಣ ಹುಡುಕಲು ಒಂದು ವಾರ ಹಿಡಿಯಿತು. ನಾನು ಬಳಸುತ್ತಿದ್ದ ಗರಗಸದ ಹಲ್ಲಿನಂಥ ಅಲೆಯಲ್ಲಿ ಎಲ್ಲ ಅನುಸ್ವರಗಳೂ (ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು ಹೀಗೆ ಜೊತೆಗೆ ಕೇಳುವ ಸ್ವರಗಳು) ಇರುತ್ತವೆ. ಖರ್ಜದ ಮೂರನೆಯ ಅನುಸ್ವರ, ಪಂಚಮದ ಎರಡನೆಯ ಅನುಸ್ವರ ಒಂದೇ ಜಾಗದಲ್ಲಿ ಕೂಡಬೇಕು. ಹನ್ನೆರಡು ಸಮಪಾಲಿನ ಪಂಚಮ ಕೂದಲೆಳೆಯಷ್ಟು ಕೆಳಗಿರುವುದರಿಂದ ಅವೆರಡೂ ಒಂದರೊಡನೊಂದು ತಾಗಿ ತಿಕ್ಕಾಡುತ್ತಿದ್ದವು. ಈ ನಡುವೆ ಪಂಚಮವನ್ನು ಚೌಕ ಅಲೆಗೆ ಬದಲಿಸಿದ್ದಾಗ ಅಲ್ಲಾಟ ಮಾಯವಾಗಿ ತಲೆಕೆಟ್ಟಿತ್ತು. ಆಮೇಲೆ ತಿಳಿಯಿತು: ಚೌಕ ಅಲೆಯಲ್ಲಿ ಬೆಸ ಅನುಸ್ವರಗಳು ಮಾತ್ರ. ತಾಗಬೇಕಾದ ಆ ಎರಡನೆಯದೇ ಅಲ್ಲಿಲ್ಲ. ಮತ್ತೆ ಗರಗಸಕ್ಕೆ ಮರಳಿ, ಮೂರಕ್ಕೆ ಎರಡರ ಶುದ್ಧ ಪಂಚಮ ಲೆಕ್ಕ ಹಾಕಿ −0.415 ಎಂದು ಟೈಪಿಸಿದೆ. ವ್ಯತ್ಯಾಸ ವೋಲ್ಟಿನ ಸಾವಿರದಲ್ಲಿ ಎರಡು ಭಾಗದಷ್ಟು. ಅಲೆ ನಿಂತಿತು. ಪಂಚಮ ಷಡ್ಜದೊಳಗೆ ಹೋಗಿ ಕೂತಿತು, ಕೋಣೆ ದೊಡ್ಡದಾದಂತೆ ಅನಿಸಿತು. ಶ್ರುತಿ ಸೇರುವುದು ಎಂದು ಚಿಕ್ಕಂದಿನಿಂದ ಕೇಳಿದ್ದೆ, ಅದನ್ನು ನನ್ನ ಕೈಯಾರೆ ಮಾಡಿದ್ದು ಅವತ್ತೇ.

ಎರಡನೇ ವರ್ಷ ಮನಸ್ಸು ಮುರಿಯಿತು. ಇಷ್ಟು ಕರಾರುವಾಕ್ಕಾದ ತಂಬೂರಿ ಹತ್ತು ನಿಮಿಷದಲ್ಲಿ ಸತ್ತಂತೆ ಕೇಳತೊಡಗಿತು. ಇದರ ಆನ್‌ಲೈನ್ ಲೈಬ್ರರಿಯ ಸಾವಿರಾರು ಮಾಡ್ಯೂಲುಗಳಲ್ಲಿ ಪರಿಹಾರ ಹುಡುಕಿದೆ. ದಿನಕ್ಕೊಂದು ಇಳಿಸಿದೆ, ಹಾಡುವುದು ಕಮ್ಮಿಯಾಯಿತು. ಏಳು ವರ್ಷದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆ ಹೊರೆಗೆ ಚಟಪಟ ಎನ್ನತೊಡಗಿತು. ಅದರ ಫ್ಯಾನಿನ ಗುಂಯ್ ಸದ್ದು ಹೆಚ್ಚುಕಡಿಮೆ ಕೋಮಲ ರಿಷಭದ ಮೇಲೆ ನಿಲ್ಲುತ್ತಿತ್ತು. ಷಡ್ಜ ಹಿಡಿದು ಹಾಡುವವನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಆ ನಾಲ್ಕು ತಿಂಗಳಲ್ಲಿ ವಿಮರ್ಶೆ ಬರೆದಿದ್ದರೆ ಎರಡು ನಕ್ಷತ್ರ ಕೊಡುತ್ತಿದ್ದೆ.

ದಾರಿ ಸಿಕ್ಕಿದ್ದು ಹಳೆಯ ಅನಲಾಗ್ ಯಂತ್ರಗಳ ದೋಷದಲ್ಲಿ. ಅವುಗಳ ಆಸಿಲೇಟರಿನೊಳಗಿನ ಟ್ರಾನ್ಸಿಸ್ಟರುಗಳು ಬಿಸಿ ಏರಿದಂತೆ ವರ್ತನೆ ಬದಲಿಸುತ್ತವೆ, ಸ್ವರ ಸರಿಯುತ್ತದೆ. ಅದನ್ನು ತಡೆಯಲು ತಯಾರಕರು ಶಾಖಕ್ಕೆ ಹೊಂದಿಕೊಳ್ಳುವ ರೆಸಿಸ್ಟರುಗಳನ್ನೇ ಹಾಕುತ್ತಾರೆ. ಅವರು ಅಷ್ಟು ಕಷ್ಟಪಟ್ಟು ಕಳೆಯುವುದನ್ನು ನಾನು ತೊಟ್ಟು ತೊಟ್ಟಾಗಿ ಸೇರಿಸಬೇಕಿತ್ತು. ಒಂದು ನಿಧಾನದ ಎಲ್‌ಎಫ್‌ಒ ತೆಗೆದುಕೊಂಡೆ. ಅದರ 5 ವೋಲ್ಟನ್ನು ನೇರ ಬಿಟ್ಟರೆ ಸ್ವರ ಐದು ಸಪ್ತಕ ಹಾರುತ್ತದೆ. ವೋಲ್ಟೇಜ್ ಕುಗ್ಗಿಸುವ ಅಟೆನ್ಯುವರ್ಟರಿನಲ್ಲಿ ಶೇಕಡಾ 1ಕ್ಕೆ ಇಳಿಸಿದರೂ ಅರ್ಧ ಸೆಮಿಟೋನಿಗಿಂತ ಹೆಚ್ಚು ತೂಗುತ್ತದೆ. ಎರಡು ಅಟೆನ್ಯುವರ್ಟರುಗಳನ್ನು ಸಾಲಾಗಿ ಇಟ್ಟು, ಒಂದರಲ್ಲಿ ಶೇಕಡಾ 2, ಇನ್ನೊಂದರಲ್ಲಿ 1. ಉಳಿದದ್ದು ವೋಲ್ಟಿನ ಸಾವಿರದಲ್ಲೊಂದು ಭಾಗ. ಇದನ್ನು ಜೋಡಿ ಷಡ್ಜದ ಒಂದು ತಂತಿಗೆ ಮಾತ್ರ ಕೊಟ್ಟೆ. ತಂಬೂರಿ ಉಸಿರಾಡಿತು.

ಹೆಚ್ಚುವರಿ ಮಾಡ್ಯೂಲುಗಳನ್ನೆಲ್ಲ ತೆಗೆದುಹಾಕಿದೆ. ಲ್ಯಾಪ್‌ಟಾಪ್ ಪಕ್ಕದ ಕೋಣೆಗೆ ಹೋಯಿತು, ಸ್ಪೀಕರಿನ ಉದ್ದ ವಾಯರ್ ಮಾತ್ರ ಈಚೆ. ಈಗ ನಾನು ಬಳಸುವುದು ರ‍್ಯಾಕ್ ಜೊತೆ ಬರುವ ಮೂಲ ಮಾಡ್ಯೂಲುಗಳು, ಮೇಲೆ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಮಾಡ್ಯೂಲು ತಯಾರಕರ ವಿನ್ಯಾಸದಿಂದ ಬಂದ ಒಂದು ರೆಸೊನೇಟರ್ (ತಂತಿಯಂತೆ ಅನುರಣಿಸುವ ಮಾಡ್ಯೂಲು). ಅದರಲ್ಲಿ ತಂತಿಯನ್ನು ಯಾವ ಜಾಗದಲ್ಲಿ ಮೀಟಿದಂತೆ ಕೇಳಬೇಕು ಎಂಬುದಕ್ಕೇ ಒಂದು ನಾಬ್ ಇದೆ. ಐದಕ್ಕೆ ಐದು ನಕ್ಷತ್ರ. ಹಾಡುವ ಅಭ್ಯಾಸ ಇದ್ದವರು ಕಣ್ಣು ಮುಚ್ಚಿ ಇಳಿಸಿಕೊಳ್ಳಿ. ಸಿದ್ಧ ಸದ್ದು ಬೇಕು, ಒಂದು ಗುಂಡಿ ಒತ್ತಿದರೆ ನುಡಿಯಬೇಕು ಅನ್ನುವವರಿಗೆ ಬೇರೆ ಸಿಂಥ್ ಒಳ್ಳೆಯದು.

ಕಳೆದ ತಿಂಗಳು ಅಪ್ಪ ಮಾಲಕಂಸ್ ಕೇಳಬೇಕು ಅಂದರು. ಆ ರಾಗದಲ್ಲಿ ಪಂಚಮವಿಲ್ಲ, ತಂಬೂರಿಯನ್ನು ಮಧ್ಯಮಕ್ಕೆ ಕೂಡಿಸಬೇಕು. ಮೂರಕ್ಕೆ ನಾಲ್ಕರ ಶುದ್ಧ ಮಧ್ಯಮ ಲೆಕ್ಕ ಹಾಕಿದೆ: ಖರ್ಜದಿಂದ 0.415 ವೋಲ್ಟ್ ಮೇಲೆ, ಅಂದರೆ −0.585. ಪಂಚಮ ಖರ್ಜದಿಂದ 0.585 ಮೇಲಿತ್ತು, ಷಡ್ಜದಿಂದ 0.415 ಕೆಳಗಿತ್ತು. ಅವೇ ಎರಡು ಅಂಕಿ, ಜಾಗ ಅದಲುಬದಲು. ಹಳದಿ ಕೇಬಲ್ ಹಾಗೇ ಇರಲಿ ಎಂದು ಬಿಟ್ಟು ಅಂಕಿ ಬದಲಿಸಿದೆ. ಅಪ್ಪ ಗೋಡೆಗೆ ಒರಗಿ ಒಂದು ಸುತ್ತು ಕೇಳಿದರು, ಆಮೇಲೆ ಅವರೇ ಷಡ್ಜ ಹಚ್ಚಿದರು.