ಅಂಗಳಕ್ಕೇ ಬರುವ ಅಡಿಕೆ ಸುಲಿಯುವ ಯಂತ್ರ

ಬದಿಯಡ್ಕದ ಕಡೆಯಿಂದ ಪಿಕಪ್‌ನಲ್ಲಿ ಅಡಿಕೆ ಸುಲಿಯುವ ಯಂತ್ರ ತರುವವರನ್ನು ಈ ವರ್ಷ ನಮ್ಮ ಮನೆಗೂ ಕರೆಸಿದೆವು. ಕೆಲಸ ಚೊಕ್ಕ. ಹೇಳಿದ ಹೊತ್ತಿಗೆ ಬಂದರು, ಮೊದಲು ಅಡಿಕೆಯನ್ನು ಗಾತ್ರ ನೋಡಿ ಬೇರೆ ಮಾಡಿಸಿದರು. ದೊಡ್ಡ ಅಡಿಕೆ ಇಡಿಯಾಗಿಯೇ ಬಿತ್ತು. ಸಣ್ಣದರಲ್ಲಿ ಮಾತ್ರ ಅಂಚು ಚಕ್ಕೆ ಎದ್ದಿತ್ತು, ಕೆಲವಕ್ಕೆ ಸಿಪ್ಪೆ ಅರ್ಧ ಅಂಟಿಕೊಂಡೇ ಇತ್ತು. ಚೆನ್ನಾಗಿ ಒಣಗದ ಅಡಿಕೆಯನ್ನು ಇದಕ್ಕೆ ಹಾಕಲೇಬೇಡಿ.

ಯಂತ್ರ ಕೊಳ್ಳುವುದೋ ಬಾಡಿಗೆಗೆ ತರಿಸುವುದೋ ಎಂಬ ಚರ್ಚೆ ಮನೆಯಲ್ಲಿ ಜೋರಾಗಿಯೇ ನಡೆದಿತ್ತು. ಈ ವಿಷಯದಲ್ಲಿ ನನಗೆ ಅಮೆರಿಕದ ಆಮಿಷ್ ಎಂಬ ಕ್ರೈಸ್ತ ಪಂಗಡದ ರೈತರ ರೀತಿ ಬಹಳ ಹಿಡಿಸುತ್ತದೆ. ಹೊಸ ಸಲಕರಣೆ ಬಂದಾಗ, ಇದರಿಂದ ಮನೆಮಂದಿ, ನೆರೆಹೊರೆಯ ಒಡನಾಟ ಉಳಿಯುತ್ತದೆಯೇ ಎಂದು ಅವರು ಕೇಳಿಕೊಳ್ಳುತ್ತಾರೆ. ಸುಮಾರು 20ರಿಂದ 40 ಕುಟುಂಬಗಳ ಒಂದೊಂದು ಚರ್ಚ್ ಸಭೆಗೂ ತನ್ನದೇ ಕಟ್ಟಳೆ. ವರ್ಷಕ್ಕೆ ಎರಡು ಸಲ, ಪ್ರಭುಭೋಜನ ಎಂಬ ಧಾರ್ಮಿಕ ವಿಧಿಗೆ ಮುಂಚೆ, ಆ ಕಟ್ಟಳೆಗೆ ಎಲ್ಲರ ಒಪ್ಪಿಗೆ ಬೇಕು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಅವರು ಸ್ವಂತ ಕಾರು ಇಟ್ಟುಕೊಳ್ಳುವಂತಿಲ್ಲ, ಆದರೆ ಬೇರೆಯವರ ಕಾರಿನಲ್ಲಿ ಬಾಡಿಗೆ ಕೊಟ್ಟು ಹೋಗಬಹುದು. ಒಣಹುಲ್ಲಿನ ಕಟ್ಟು ಕಟ್ಟುವ ಯಂತ್ರಕ್ಕೆ ಎಂಜಿನ್ ಇರುತ್ತದೆ, ಹೊಲದಲ್ಲಿ ಅದನ್ನು ಎಳೆಯುವುದು ಕುದುರೆ ಅಥವಾ ಹೇಸರಗತ್ತೆ. ಎಷ್ಟು ಸೂಕ್ಷ್ಮವಾಗಿ ಗೆರೆ ಎಳೆದಿದ್ದಾರೆ!

ನಾವೂ ಬಾಡಿಗೆಯನ್ನೇ ಆರಿಸಿದೆವು. ಸಣ್ಣ ಅಡಿಕೆಯನ್ನು ಕೈಯಲ್ಲೇ ಸುಲಿಸಲು ತೆಗೆದಿಟ್ಟಿದ್ದೇವೆ. ವರ್ಷಗಳಿಂದ ಸುಲಿಯಲು ಬರುವ ಅಕ್ಕಂದಿರಿಗೆ ಆ ಕೂಲಿ ಬೇಕು. ಜಗಲಿಯಲ್ಲಿ ಅವರ ಮಾತುಕತೆ ನಮಗೂ ಬೇಕು.

ಯಂತ್ರದವರಲ್ಲಿ ಒಂದೇ ಬೇಡಿಕೆ: ಸಿಪ್ಪೆಯ ಧೂಳು ಮನೆಯೊಳಗೆ ಬಾರದಂತೆ ಒಂದು ಮರೆ ಕಟ್ಟಿ. ಮುಂದಿನ ವರ್ಷವೂ ನಿಮ್ಮನ್ನೇ ಕರೆಯುತ್ತೇವೆ.